ಊರ ಕಣ್ಣೇ ಕಾವಲಾದ ಗೂಡು

ಎಳೆ ಮಗುವನ್ನು ಎತ್ತಿಕೊಂಡು ಹೊಸಿಲು ದಾಟುವ ಮುಂಚೆ ನಾವೆಲ್ಲ ಏನು ಮಾಡುತ್ತೇವೆ? ಕೆನ್ನೆಗೊಂದು ಕಾಡಿಗೆಯ ಬೊಟ್ಟು ಇಡುತ್ತೇವೆ. ಮದುವೆ ಮನೆಯಿಂದ ಬಂದ ರಾತ್ರಿ ಮಗು ರಚ್ಚೆ ಹಿಡಿಯಿತೋ, ಮನೆಯ ಅಜ್ಜಿ ಒಂದು ಹಿಡಿ ಉಪ್ಪು, ನಾಲ್ಕು ಒಣಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುತ್ತಾರೆ. "ಊರವರ ಕಣ್ಣೆಲ್ಲ ಕೂಸಿನ ಮೇಲೇ ಇತ್ತು ಕಣೇ, ದೃಷ್ಟಿ ತಾಗದೆ ಇರುತ್ತದೆಯೇ?" ಎಂದು ಗೊಣಗುತ್ತಾರೆ. ಎಳೆಯ ಜೀವವನ್ನು ಹತ್ತು ಜನರ ಕಣ್ಣಿನಿಂದ ಮರೆಮಾಡಿ ಸಾಕಬೇಕು ಎನ್ನುವುದು ನಮಗೆ ತವರಿನಿಂದಲೇ ಬಂದ ಬುದ್ಧಿ.

ಇವತ್ತು ನಿಮಗೆ ಹೇಳಹೊರಟಿರುವುದು ಇದಕ್ಕೆ ತೀರ ಉಲ್ಟಾ ಇರುವ ಒಂದು ಸಂಸಾರದ ಕಥೆ. ಮರೆಯಲ್ಲಿಟ್ಟು ಕಾದಾಗ ಅಲ್ಲಿ ಮೊಟ್ಟೆ ಉಳಿಯಲಿಲ್ಲ. "ಬನ್ನಿ, ಎಲ್ಲರೂ ನೋಡಿ" ಎಂದು ಊರನ್ನೇ ಕರೆದ ವರ್ಷ ಮೂರು ಮರಿಗಳು ರೆಕ್ಕೆ ಬಲಿತು ಹಾರಿದವು. ಆ ಸಂಸಾರ ಇದ್ದದ್ದು ಸ್ಕಾಟ್ಲೆಂಡಿನ ಒಂದು ಸರೋವರದ ದಡದಲ್ಲಿ, ಪೈನ್ ಮರದ ತುದಿಯಲ್ಲಿ. ಅದರ ಯಜಮಾನ, ಯಜಮಾನತಿ ಇಬ್ಬರೂ ಹಕ್ಕಿಗಳು.

ಕಾಡಿಗೆ ತೀಡಿದ ಕಣ್ಣು

ಹಕ್ಕಿಯ ಹೆಸರು ಆಸ್ಪ್ರೆ. ಹದ್ದಿನ ಬಳಗದ್ದು. ಮೀನು ಬಿಟ್ಟು ಬೇರೇನನ್ನೂ ಹೆಚ್ಚುಕಡಿಮೆ ಮುಟ್ಟುವುದೇ ಇಲ್ಲವಾದ್ದರಿಂದ ನಾವು ಸುಲಭಕ್ಕೆ ಮೀನುಡೇಗೆ ಎನ್ನೋಣ. ಬೆನ್ನು ಕಂದು, ಹೊಟ್ಟೆ ಬಿಳಿ, ತಲೆಯೂ ಬಿಳಿ. ಹಳದಿ ಕಣ್ಣಿನ ಮೂಲಕ ಕತ್ತಿನವರೆಗೆ ಒಂದು ಕಪ್ಪು ಪಟ್ಟಿ, ಯಾರೋ ಕೈಬಿಚ್ಚಿ ಕಾಡಿಗೆ ತೀಡಿದ ಹಾಗೆ. ರೆಕ್ಕೆ ಹರಡಿದರೆ ತುದಿಯಿಂದ ತುದಿಗೆ ಐದು ಅಡಿಗೂ ಮೇಲೆ. ಆದರೂ ತೂಕ ಒಂದೂವರೆ, ಎರಡು ಕಿಲೋ ಅಷ್ಟೆ. ಈ ಜಾತಿಯಲ್ಲಿ ಹೆಣ್ಣೇ ಗಂಡಿಗಿಂತ ಒಂದಿಷ್ಟು ದೊಡ್ಡದು.

ಮೀನು ಹಿಡಿಯುವ ವೈಖರಿ ನೋಡಬೇಕು. ನೀರಿನ ಮೇಲೆ ಎತ್ತರದಲ್ಲಿ ರೆಕ್ಕೆ ಬಡಿಯುತ್ತ ನಿಂತಲ್ಲೇ ನಿಂತು ಗುರಿ ಹಿಡಿಯುತ್ತದೆ. ಆಮೇಲೆ ಕಾಲು ಮುಂದೆ ಚಾಚಿ ಧೊಪ್ಪನೆ ಧುಮುಕುತ್ತದೆ. ಕೆಲವು ಸಲ ಪೂರ್ತಿ ಮುಳುಗಿ ಏಳುವುದೂ ಉಂಟು; ಮೂಗಿಗೆ ನೀರು ಹೋಗದಂತೆ ಹೊಳ್ಳೆಗಳನ್ನು ಮುಚ್ಚಿಕೊಳ್ಳುವ ಸೌಕರ್ಯ ದೇವರು ಕೊಟ್ಟಿದ್ದಾನೆ. ಅಂಗಾಲಿನ ತುಂಬ ಮುಳ್ಳುಮುಳ್ಳು, ತೆಂಗಿನಕಾಯಿ ತುರಿಯುವ ಮಣೆಯ ಹಲ್ಲಿನಂತೆ. ಜಾರುವ ಮೀನು ಅದರಿಂದ ತಪ್ಪಿಸಿಕೊಳ್ಳುವುದು ಕಷ್ಟ. ಹಿಡಿದ ಮೀನನ್ನು ಅಡ್ಡಡ್ಡ ಒಯ್ಯುವುದಿಲ್ಲ. ಅದರ ತಲೆ ಮುಂದಕ್ಕೆ ಬರುವಂತೆ ತಿರುಗಿಸಿಕೊಂಡು ಹಾರುತ್ತದೆ. ಹಾಗೆ ಮಾಡಿದರೆ ಗಾಳಿಯ ತಡೆ ಕಡಿಮೆ. ತುಂಬಿದ ಕೊಡವನ್ನು ಸೊಂಟಕ್ಕೆ ಹೇಗೆ ಒರಗಿಸಿಕೊಂಡರೆ ಭಾರ ತಿಳಿಯುವುದಿಲ್ಲ ಎನ್ನುವುದು ನಮಗೆ ಯಾವ ಶಾಲೆಯಲ್ಲೂ ಹೇಳಿಕೊಡದೆ ಬಂದಂತೆ, ಇದಕ್ಕೂ ಬಂದಿದೆ.

ಬೂಟ್ ಪಾಲಿಷ್ ಬಳಿದ ಕೋಳಿಮೊಟ್ಟೆ

ಇಂಥ ಹಕ್ಕಿ ಬ್ರಿಟನ್ನಿನಲ್ಲಿ ಒಂದು ಕಾಲಕ್ಕೆ ಸಾಕಷ್ಟಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಅದಕ್ಕೆ ಗ್ರಹಚಾರ ಹಿಡಿಯಿತು. ನಮ್ಮ ಮೀನು ಕದಿಯುತ್ತದೆ ಎಂದು ಕೊಳದ ಒಡೆಯರು ಗುಂಡಿಕ್ಕಿದರು. ಶ್ರೀಮಂತರಿಗೆ ಹಕ್ಕಿಯ ಮೊಟ್ಟೆಗಳನ್ನು ಕೂಡಿಡುವ ಖಯಾಲಿ ಬೇರೆ. ತುಕ್ಕುಬಣ್ಣದ ಮಚ್ಚೆಗಳಿರುವ ಈ ಮೊಟ್ಟೆ ನೋಡಲು ಬಲು ಚೆಂದ. ಹಕ್ಕಿ ಅಪರೂಪವಾದಷ್ಟೂ ಮೊಟ್ಟೆಗೆ ಬೆಲೆ ಏರಿತು, ಬೆಲೆ ಏರಿದಷ್ಟೂ ಹಕ್ಕಿ ಅಪರೂಪವಾಯಿತು. 1916ರ ಹೊತ್ತಿಗೆ ಅಲ್ಲಿ ಮೀನುಡೇಗೆಯ ಗೂಡೇ ಇಲ್ಲವಾಯಿತು.

ಎಷ್ಟೋ ವರ್ಷಗಳ ಮೇಲೆ, 1954ರಲ್ಲಿ, ಒಂದು ಜೋಡಿ ಎಲ್ಲಿಂದಲೋ ಬಂದು ಲಾಕ್ ಗಾರ್ಟನ್ ಎಂಬಲ್ಲಿ ಗೂಡು ಕಟ್ಟಿ ಎರಡು ಮರಿ ಮಾಡಿತು. ಲಾಕ್ ಎಂದರೆ ಅಲ್ಲಿನವರ ಮಾತಿನಲ್ಲಿ ಸರೋವರ. ಹಕ್ಕಿಪ್ರಿಯರಿಗೆ ಹಿಗ್ಗೋ ಹಿಗ್ಗು. ಆದರೆ ಸುದ್ದಿ ಹೊರಗೆ ಬಿದ್ದರೆ ಕೆಟ್ಟಿತು ಎಂದು ಬಾಯಿಗೆ ಬೀಗ ಹಾಕಿಕೊಂಡರು. ಗುಟ್ಟು ಒಳ್ಳೆಯವರಿಗೆ ತಿಳಿಯಲಿಲ್ಲವೇ ಹೊರತು ಕಳ್ಳರಿಗೆ ತಿಳಿಯದೆ ಹೋಗಲಿಲ್ಲ.

1958ರ ಜೂನ್ ತಿಂಗಳ ಒಂದು ರಾತ್ರಿ. ಗೂಡಿನ ಹತ್ತಿರ ಕಾವಲುಗಾರರು ಎಚ್ಚರವಾಗಿಯೇ ಕೂತಿದ್ದರು. ನಡುರಾತ್ರಿ ಕಳೆದ ಮೇಲೆ, ಕತ್ತಲಿನಲ್ಲಿ ಒಬ್ಬ ಮರ ಹತ್ತಿಬಿಟ್ಟಿದ್ದ. ಇವರು ಕೂಗಿಕೊಂಡು ಓಡಿಬಂದರು, ಅವನು ಜಿಗಿದು ಓಡಿಹೋದ. ಬೆಳಗಾಗಿ ನೋಡಿದರೆ ಮರದ ಬುಡದಲ್ಲಿ ಮೀನುಡೇಗೆಯ ಮೊಟ್ಟೆಗಳು ಒಡೆದು ಬಿದ್ದಿದ್ದವು. ಗೂಡಿನೊಳಗೆ ಇದ್ದದ್ದು ಎರಡು ಕೋಳಿಮೊಟ್ಟೆ! ಕಂದು ಬೂಟ್ ಪಾಲಿಷ್‌ನಿಂದ ಮಚ್ಚೆ ಬರೆದು, ತಾಯಿಗೆ ಅನುಮಾನ ಬಾರದಂತೆ ಇಟ್ಟುಹೋಗಿದ್ದ ಪುಣ್ಯಾತ್ಮ. ತೊಟ್ಟಿಲಿನ ಕೂಸನ್ನು ಕದ್ದು ಮರದ ಬೊಂಬೆ ಮಲಗಿಸಿ ಹೋದಂತೆ.

ಆ ವರ್ಷ ಆ ಗೂಡಿನಲ್ಲಿ ಮರಿ ಏಳಲಿಲ್ಲ.

"ಬನ್ನಿ, ನೋಡಿ"

ಈ ಕಾವಲಿನ ಹೊಣೆ ಹೊತ್ತಿದ್ದವರು ಜಾರ್ಜ್ ವಾಟರ್‌ಸ್ಟನ್. ಅಲ್ಲಿನ ಪಕ್ಷಿ ಸಂರಕ್ಷಣಾ ಸಂಘದ ಸ್ಕಾಟ್ಲೆಂಡ್ ಪ್ರತಿನಿಧಿ. ಎರಡನೆಯ ಮಹಾಯುದ್ಧದಲ್ಲಿ ಜರ್ಮನರ ಕೈಗೆ ಸಿಕ್ಕಿ, ಸೆರೆ ಶಿಬಿರದ ಮುಳ್ಳುತಂತಿಯ ಒಳಗಿನಿಂದಲೇ ಹಕ್ಕಿಗಳನ್ನು ನೋಡುತ್ತ ದಿನ ನೂಕಿದ ಮನುಷ್ಯ. ಇನ್ನೊಬ್ಬರಾಗಿದ್ದರೆ ಮುಂದಿನ ವರ್ಷ ಬೇಲಿಯನ್ನು ಇನ್ನಷ್ಟು ಎತ್ತರಿಸಿ, ಗುಟ್ಟನ್ನು ಇನ್ನಷ್ಟು ಬಿಗಿಮಾಡುತ್ತಿದ್ದರೇನೋ. ವಾಟರ್‌ಸ್ಟನ್ ಬೇರೆ ದಾರಿ ಹಿಡಿದರು. ಮರದ ಬುಡಕ್ಕೆ ಮುಳ್ಳುತಂತಿ ಸುತ್ತಿಸಿ ಹಗಲಿರುಳು ಸ್ವಯಂಸೇವಕರ ಸರದಿ ಕಾವಲು ಹಾಕಿದರು. ಹಕ್ಕಿಗೆ ಗಾಬರಿಯಾಗದಷ್ಟು ದೂರದಲ್ಲಿ ಒಂದು ಮರೆಗುಡಿಸಲು ಕಟ್ಟಿಸಿ, ದುರ್ಬೀನು ಇಡಿಸಿದರು. ಆಮೇಲೆ ಪತ್ರಿಕೆಗಳನ್ನು ಕರೆದು, "ಇಲ್ಲಿ ಮೀನುಡೇಗೆ ಗೂಡು ಕಟ್ಟಿದೆ, ಎಲ್ಲರೂ ಬಂದು ನೋಡಿ" ಎಂದು ಡಂಗುರ ಹೊಡೆಸಿದರು!

ಅವರ ಜೊತೆಯವರಲ್ಲೇ ಎಷ್ಟೋ ಮಂದಿಗೆ ಎದೆ ಹೊಡೆದುಕೊಂಡಿರಬೇಕು. ಆದರೆ 1959ರ ಆ ಒಂದೇ ಬೇಸಿಗೆಯಲ್ಲಿ ಸುಮಾರು 14,000 ಜನ ಆ ಗುಡಿಸಲಿಗೆ ಬಂದರು. ಕಾಡುದಾರಿ ನಡೆದು ಬಂದರು, ಮಕ್ಕಳನ್ನು ಎತ್ತಿಕೊಂಡು ಬಂದರು, ಸರದಿಯಲ್ಲಿ ನಿಂತು ದುರ್ಬೀನಿಗೆ ಕಣ್ಣಿಟ್ಟು ಪಿಸುಮಾತಿನಲ್ಲಿ ಮಾತಾಡಿದರು. ಅಷ್ಟು ಜನ ನೋಡುತ್ತಿರುವ ಗೂಡಿಗೆ ಕಳ್ಳ ಕೈಹಾಕುವುದು ಸುಲಭವೇ? ಆ ವರ್ಷ ಮೂರಕ್ಕೆ ಮೂರು ಮರಿಯೂ ಹಾರಿದವು.

ನಮ್ಮ ಮಾತಿನಲ್ಲೇ ಈ ವ್ಯತ್ಯಾಸ ಇದೆ ನೋಡಿ. ಕಣ್ಣು ಹಾಕುವುದು ಬೇರೆ, ಕಣ್ಣಿಟ್ಟು ಕಾಯುವುದು ಬೇರೆ. ಮೊಟ್ಟೆ ಕಳ್ಳ ಮಾಡಿದ್ದು ಮೊದಲನೆಯದು. ಹದಿನಾಲ್ಕು ಸಾವಿರ ಜನ ಮಾಡಿದ್ದು ಎರಡನೆಯದು.

ಮೀನಿನ ತಲೆ ತಿನ್ನುವ ಯಜಮಾನ

ಹಾಗಾದರೆ ಅಷ್ಟು ಜನ ನೋಡಿದ್ದಾದರೂ ಏನನ್ನು? ಸಾಮಾನ್ಯವಾಗಿ ಅಲ್ಲಿ ನಡೆಯುವುದು ಹೀಗೆ.

ಮಾರ್ಚ್ ಕೊನೆಗೋ ಏಪ್ರಿಲ್ ಮೊದಲಿಗೋ ಹಕ್ಕಿಗಳು ಆಫ್ರಿಕಾದಿಂದ ಬರುತ್ತವೆ. ಗಂಡ ಹೆಂಡಿರು ಚಳಿಗಾಲವನ್ನು ಒಟ್ಟಿಗೆ ಕಳೆಯುವುದಿಲ್ಲ, ಒಟ್ಟಿಗೆ ಪ್ರಯಾಣವೂ ಇಲ್ಲ. ಬೇರೆ ಬೇರೆಯಾಗಿ ಬಂದು ಹಳೆಯ ಗೂಡಿನಲ್ಲೇ ಕೂಡುತ್ತವೆ. ಬಂದ ಕೂಡಲೇ ಮನೆ ರಿಪೇರಿ. ಒಣಗಿದ ಕೊಂಬೆ ತಂದು ಜೋಡಿಸುವುದು, ಒಳಗೆ ಹಾವಸೆ, ಹುಲ್ಲು ಹಾಸಿ ಮೆತ್ತಗೆ ಮಾಡುವುದು. ವರ್ಷವರ್ಷವೂ ಹೊಸ ಕಡ್ಡಿ ಸೇರಿ ಗೂಡು ಮಂಚದಷ್ಟು ಅಗಲವಾಗುತ್ತದೆ. ಕಡ್ಡಿ ಎಲ್ಲಿಡಬೇಕೆಂಬ ವಿಷಯದಲ್ಲಿ ಕೊನೆಯ ಮಾತು ಬಹುಮಟ್ಟಿಗೆ ಯಜಮಾನತಿಯದು. ಗಂಡು ಇಟ್ಟದ್ದನ್ನು ಅದು ಎಳೆದು ಬೇರೆ ಕಡೆ ಇಡುವುದನ್ನು ನೋಡಿದರೆ ನಿಮಗೆ ನಗು ಬಾರದೆ ಇರದು.

ಏಪ್ರಿಲ್ ನಡುವಿಗೆ ಒಂದೆರಡು ದಿನಕ್ಕೊಂದರಂತೆ ಎರಡೋ ಮೂರೋ ಮೊಟ್ಟೆ. ಕಾವಿಗೆ ಕೂರುವುದು ಹೆಚ್ಚುಕಡಿಮೆ ಮೂವತ್ತೇಳು ದಿನ. ಹೆಚ್ಚಿನ ಪಾಳಿ ತಾಯಿಯದೇ. ಮಳೆ ಬರಲಿ, ಏಪ್ರಿಲ್‌ನಲ್ಲೂ ಬೀಳುವ ಹಿಮ ಬೆನ್ನಮೇಲೆ ಕೂರಲಿ, ಅದು ಏಳುವುದಿಲ್ಲ. ಮೀನು ತರುವುದು ಗಂಡಿನ ಕೆಲಸ. ನಮ್ಮಲ್ಲಿ ಕೆಲವು ಮನೆಗಳಲ್ಲಿ ಗಂಡಂದಿರು ಹೆಂಡತಿಯ ತಲೆ ತಿನ್ನುತ್ತಾರೆ. ಈತ ತಿನ್ನುವುದು ಮೀನಿನ ತಲೆ. ದೂರದ ಕೊಂಬೆಯಲ್ಲಿ ಕೂತು ತಲೆಯ ಭಾಗ ಮುಗಿಸಿ, ಉಳಿದದ್ದನ್ನು ಗೂಡಿಗೆ ತರುತ್ತಾನೆ. ಹೆಣ್ಣು ಅದನ್ನು ಕಸಿದುಕೊಂಡು ಬೇರೆ ಮರಕ್ಕೆ ಊಟಕ್ಕೆ ಹೋದಾಗ, ಪಾಪ, ಮೊಟ್ಟೆಯ ಮೇಲೆ ಜೋಪಾನವಾಗಿ ಕೂರುವವನೂ ಅವನೇ. ಉಗುರು ತಾಗಿ ಮೊಟ್ಟೆ ಒಡೆದೀತೆಂದು ಕಾಲ್ಬೆರಳುಗಳನ್ನು ಮುಷ್ಟಿ ಕಟ್ಟಿಕೊಂಡು ಹೆಜ್ಜೆ ಇಡುತ್ತಾನೆ. ಆ ಉಗುರುಗಳೇ ನೀರಿನಲ್ಲಿ ಕಿಲೋ ತೂಕದ ಮೀನನ್ನು ಚುಚ್ಚಿ ಎತ್ತುವಂಥವು.

ಕೊನೆಯ ಮರಿಯ ಪಾಲು

ಮೊದಲ ಮೊಟ್ಟೆ ಇಟ್ಟಾಗಿನಿಂದಲೇ ಕಾವು ಶುರುವಾಗುವುದರಿಂದ ಮರಿಗಳು ಒಂದೇ ದಿನ ಒಡೆದು ಬರುವುದಿಲ್ಲ. ಹಿರಿಯದು ಬಂದು ಒಂದೆರಡು ದಿನಕ್ಕೆ ಎರಡನೆಯದು, ಆಮೇಲೆ ಮೂರನೆಯದು. ಎಳೆತನದಲ್ಲಿ ಆ ಒಂದೆರಡು ದಿನವೇ ದೊಡ್ಡ ಅಂತರ. ತಾಯಿ ಮೀನನ್ನು ಸಣ್ಣಸಣ್ಣಗೆ ಹರಿದು, ಕೊಕ್ಕಿನ ತುದಿಯಲ್ಲಿ ಹಿಡಿದು, ತಲೆ ಓರೆ ಮಾಡಿ ಮರಿಯ ಬಾಯಿಗೆ ಇಡುತ್ತದೆ. ತುತ್ತು ಮೊದಲು ಸಿಗುವುದು ಕತ್ತು ಎತ್ತರ ಚಾಚಿದವನಿಗೆ. ಮೀನು ಧಾರಾಳವಾಗಿದ್ದರೆ ಕಿರಿಯದಕ್ಕೂ ಹೊಟ್ಟೆ ತುಂಬುತ್ತದೆ. ಮೂರು ದಿನ ಬಿಡದೆ ಮಳೆ ಹೊಡೆದು ನೀರು ಕದಡಿತೆಂದರೆ ತಂದೆಗೆ ಮೀನು ಕಾಣುವುದಿಲ್ಲ. ಆಗ ಮೊದಲು ಸೊರಗುವುದು ಕೊನೆಯ ಮರಿಯೇ.

ದುರ್ಬೀನಿನ ಮುಂದೆ ಕೂತವರ ಕರುಳು ಕಿತ್ತುಬರುವುದು ಇಲ್ಲಿ. ತಾಯಿ ರೆಕ್ಕೆಗಳನ್ನು ಕೊಡೆಯಂತೆ ಬಿಚ್ಚಿ ಮಳೆ ತಡೆಯುತ್ತ ನಿಂತಿರುತ್ತದೆ. ಅದಕ್ಕೂ ಹೊಟ್ಟೆಗಿಲ್ಲ. ಬಂದ ಒಂದು ಮೀನನ್ನು ಮೊದಲು ಮರಿಗಳಿಗೆ ಕೊಟ್ಟು, ಉಳಿದ ಬಾಲ, ಮುಳ್ಳು ತಾನು ತಿನ್ನುತ್ತದೆ. ಈ ದೃಶ್ಯದ ಅರ್ಥವನ್ನು, ಎಲ್ಲರಿಗೂ ಬಡಿಸಿ ಪಾತ್ರೆಯ ತಳ ಕೆರೆದು ಉಂಡ ಹೆಂಗಸಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಮಳೆಯನ್ನು ತಾಯಿ ತಡೆದೀತು. ಕಣ್ಣಿಗೆ ಕಾಣದ ವಿಷವನ್ನು ತಡೆಯಲಾರದು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಅಮೆರಿಕದ ಪೂರ್ವ ಕರಾವಳಿಯಲ್ಲಿ ಸೊಳ್ಳೆಗೂ ಬೆಳೆಯ ಹುಳುವಿಗೂ ಡಿ.ಡಿ.ಟಿ. ಸುರಿದರು. ಅದು ನೀರಿಗಿಳಿದು, ಮೀನಿಗೆ ಸೇರಿ, ಮೀನಿನಿಂದ ಈ ಹಕ್ಕಿಯ ಮೈ ಸೇರಿತು. ಮೊಟ್ಟೆಯ ಚಿಪ್ಪು ತೆಳುವಾಯಿತು. ಕಾವು ಕೊಡಲು ಕೂತ ತಾಯಿಯ ಭಾರಕ್ಕೇ ಮೊಟ್ಟೆ ಒಡೆಯತೊಡಗಿತು. ವರ್ಷ ವರ್ಷ ಗೂಡು ಎಣಿಸುತ್ತಿದ್ದವರು "ಮರಿಗಳೇ ಏಳುತ್ತಿಲ್ಲವಲ್ಲ" ಎಂದು ಗಮನಿಸಿದ್ದರಿಂದ ವಿಷಯ ಬಯಲಿಗೆ ಬಂತು. 1972ರಲ್ಲಿ ಅಮೆರಿಕ ಬೆಳೆಗಳಿಗೆ ಡಿ.ಡಿ.ಟಿ. ಹಾಕುವುದನ್ನು ನಿಷೇಧಿಸಿತು. ನಿಧಾನವಾಗಿ ಅಲ್ಲಿ ಗೂಡುಗಳು ಮತ್ತೆ ತುಂಬಿದವು. ನೋಡುವ ಕಣ್ಣುಗಳು ಇಲ್ಲದಿದ್ದರೆ ಆ ಕಳ್ಳ ಸಿಕ್ಕುತ್ತಲೇ ಇರಲಿಲ್ಲ.

ಗೂಡಿನಲ್ಲಿ ಮಲಗಿದ ತಾಯಿ

ಈಗ ಮರೆಗುಡಿಸಲಿನವರೆಗೆ ಹೋಗಬೇಕಾಗಿಯೂ ಇಲ್ಲ. ಬ್ರಿಟನ್ನಿನ ಹಲವು ಗೂಡುಗಳ ಪಕ್ಕದಲ್ಲಿ ಕ್ಯಾಮೆರಾ ಇಟ್ಟು, ಗೂಡಿನಲ್ಲಿ ನಡೆಯುವುದನ್ನು ನಡೆದ ಹಾಗೇ ಇಂಟರ್ನೆಟ್ಟಿನಲ್ಲಿ ತೋರಿಸುತ್ತಾರೆ. ಹಾಗೆ ಪ್ರಪಂಚಕ್ಕೆಲ್ಲ ಪರಿಚಯವಾದ ಒಂದು ತಾಯಿ ಸ್ಕಾಟ್ಲೆಂಡಿನ ಲಾಕ್ ಆಫ್ ದ ಲೋಸ್ ಎಂಬ ಸರೋವರದ್ದು. ಜನ ಪ್ರೀತಿಯಿಂದ 'ಲೇಡಿ' ಎಂದು ಕರೆದರು. ಸಾಮಾನ್ಯವಾಗಿ ಮೀನುಡೇಗೆಗಳು ಎಂಟು ಹತ್ತು ವರ್ಷ ಬಾಳಿದರೆ ಹೆಚ್ಚು. ಈಕೆ ಇಪ್ಪತ್ತು ವರ್ಷಕ್ಕೂ ಮಿಕ್ಕಿ ಅದೇ ಗೂಡಿಗೆ ಬಂದವಳೆಂದು ಅಲ್ಲಿನವರ ಲೆಕ್ಕ.

2010ರ ಜೂನ್‌ನಲ್ಲಿ, ಗೂಡಿನಲ್ಲಿ ಮರಿ ಇರುವಾಗಲೇ, ಲೇಡಿ ತಲೆ ಎತ್ತಲಾರದೆ ಮಲಗಿಬಿಟ್ಟಿತು. ಕಣ್ಣು ಮುಚ್ಚಿ ಮುಚ್ಚಿ ಹೋಗುತ್ತಿತ್ತು. ಇನ್ನೇನು ಮುಗಿಯಿತು ಎಂದೇ ಎಲ್ಲರೂ ತಿಳಿದರು. ಎಷ್ಟೋ ದೇಶಗಳಲ್ಲಿ ಸಾವಿರಾರು ಜನ ರಾತ್ರಿಯೆಲ್ಲ ಪರದೆಯ ಮುಂದೆ ಕೂತರು. ಯಾರಿಗೂ ಏನೂ ಮಾಡುವಂತಿರಲಿಲ್ಲ. ಜ್ವರದ ಮಗುವಿನ ಹಾಸಿಗೆಯ ಪಕ್ಕ ಬರೀ ಕೈಯಲ್ಲಿ ಕೂತಿದ್ದು ಗೊತ್ತಿರುವವರಿಗೆ ಆ ಸಂಕಟ ಎಂಥದೆಂದು ಗೊತ್ತು. ಕೆಲವು ದಿನಗಳಲ್ಲಿ, ಯಾರೂ ಎಣಿಸದಂತೆ, ಲೇಡಿ ಚೇತರಿಸಿಕೊಂಡು ಎದ್ದು ಹಾರಿತು! ಮುಂದಿನ ವರ್ಷವೂ ಬಂತು, ಆಮೇಲೂ ಬಂತು. ಕೊನೆಯ ಸಲ ಬಂದದ್ದು 2014ರಲ್ಲಿ. ಒಟ್ಟು 71 ಮೊಟ್ಟೆ ಇಟ್ಟು, 50 ಮರಿಗಳನ್ನು ಹಾರಿಸಿದ ದೊಡ್ಡ ಬಾಣಂತಿ ಅದು. 2015ರ ವಸಂತದಲ್ಲಿ ಜನ ಕಾದರು. ಬರಲಿಲ್ಲ.

ಮೊದಲು ಹೊರಡುವುದು ತಾಯಿ

ಏಳೆಂಟು ವಾರಕ್ಕೆ ಮರಿಗಳಿಗೆ ರೆಕ್ಕೆ ಬಲಿಯುತ್ತದೆ. ಗೂಡಿನ ಅಂಚಿನಲ್ಲಿ ನಿಂತು ಗಾಳಿಗೆ ರೆಕ್ಕೆ ಬಡಿಯುತ್ತವೆ, ಒಂದು ಮೊಳ ಮೇಲೇಳುತ್ತವೆ, ಹೆದರಿ ಕೂರುತ್ತವೆ. ಒಂದು ಬೆಳಿಗ್ಗೆ ಗಾಳಿ ಎತ್ತಿಕೊಂಡು ಹೋಗಿಯೇಬಿಡುತ್ತದೆ. ನೋಡುತ್ತ ಕೂತವರು ಚಪ್ಪಾಳೆ ತಟ್ಟಲಾರದೆ ಕಣ್ಣೊರೆಸಿಕೊಳ್ಳುತ್ತಾರೆ.

ಆಮೇಲಿನ ಸಂಗತಿ ಕೇಳಿ ನಿಮಗೆ ಆಶ್ಚರ್ಯವಾದೀತು. ಆಗಸ್ಟ್‌ನಲ್ಲಿ, ಮರಿಗಳು ಇನ್ನೂ ಗೂಡಿನ ಸುತ್ತ ಹಾರಾಡಿಕೊಂಡಿರುವಾಗಲೇ, ತಾಯಿ ಆಫ್ರಿಕಾಕ್ಕೆ ಹೊರಟುಬಿಡುತ್ತದೆ. "ಅಯ್ಯೋ, ಇದೆಂಥ ತಾಯಿ!" ಎನ್ನಬೇಡಿ. ನಾಲ್ಕು ತಿಂಗಳು ಗೂಡು ಬಿಟ್ಟು ಕದಲದೆ ಸವೆದ ಮೈ ಅದು. ದೂರದ ದಾರಿಗೆ ಬಲ ಕೂಡಿಸಿಕೊಳ್ಳಬೇಕು. ಇನ್ನು ಮುಂದಿನ ಪಾಳಿ ತಂದೆಯದು. ಮರಿಗಳು ಹೊರಡುವವರೆಗೂ ಮೀನು ತಂದುಕೊಡುತ್ತಲೇ ಇದ್ದು, ಎಲ್ಲರನ್ನೂ ಕಳಿಸಿ ಕೊನೆಗೆ ಮನೆ ಬಿಡುವವನು ಅವನು.

ಮರಿಗಳಿಗೆ ದಾರಿ ತೋರಿಸುವವರು ಯಾರೂ ಇಲ್ಲ. ಅಣ್ಣ ತಮ್ಮಂದಿರೂ ಜೊತೆಗಿಲ್ಲ. ಹುಟ್ಟಿ ಮೂರು ತಿಂಗಳಾದ ಹಕ್ಕಿ ಒಂಟಿಯಾಗಿ ಸಮುದ್ರ, ಸಹಾರಾ ಮರುಭೂಮಿ ದಾಟಿ ಸುಮಾರು ಐದು ಸಾವಿರ ಕಿಲೋಮೀಟರ್ ದೂರದ ಸೆನೆಗಲ್, ಗ್ಯಾಂಬಿಯಾ ಕಡೆಗೆ ಹೋಗುತ್ತದೆ. ಎರಡು ವರ್ಷದ ಮೇಲೆ, ಬದುಕಿದ್ದರೆ, ಹುಟ್ಟಿದ ಸೀಮೆಯನ್ನು ತಾನೇ ಹುಡುಕಿಕೊಂಡು ಬರುತ್ತದೆ. ಹೋದವುಗಳಲ್ಲಿ ಹೆಚ್ಚಿನವು ಬರುವುದಿಲ್ಲ. ಆದರೂ ಬಂದವುಗಳಿಂದಲೇ ಬ್ರಿಟನ್ನಿನಲ್ಲಿ ಒಂದು ಗೂಡು ಇದ್ದದ್ದು ಇನ್ನೂರು ದಾಟಿದೆ. ಮಗನನ್ನು ದೂರದ ಊರಿನ ಹಾಸ್ಟೆಲಿಗೆ ಬಿಟ್ಟು, ಬಸ್ಸಿನಲ್ಲಿ ಸೆರಗಿನಿಂದ ಕಣ್ಣೊರೆಸಿಕೊಂಡು ಬಂದ ತಾಯಂದಿರೇ, ಹೇಳಿ: ಕಳಿಸುವುದೂ ಸಾಕುವುದರ ಒಂದು ಭಾಗವೇ ಅಲ್ಲವೇ?

ನಿಮ್ಮ ಹಿತ್ತಲಲ್ಲೂ ಒಂದು

ಮೀನುಡೇಗೆ ನಮಗೆ ತೀರ ಪರಕೀಯವೇನೂ ಅಲ್ಲ. ಚಳಿಗಾಲದಲ್ಲಿ ಉತ್ತರದ ದೇಶಗಳಿಂದ ಕರ್ನಾಟಕಕ್ಕೂ ಬರುತ್ತದೆ. ಕಬಿನಿಯ ಹಿನ್ನೀರಿನಲ್ಲಿ, ಭದ್ರಾ ಜಲಾಶಯದಲ್ಲಿ ಒಣಮರದ ಮೇಲೆ ಕೂತು ಮೀನು ಹರಿಯುವುದನ್ನು ನೋಡಬಹುದು. ಇಲ್ಲಿ ಅದು ನೆಂಟ ಮಾತ್ರ, ಗೂಡು ಕಟ್ಟುವುದಿಲ್ಲ. ಗೂಡಿನ ಸಂಸಾರ ನೋಡಬೇಕೆಂದರೆ ಏಪ್ರಿಲ್‌ನಿಂದ ಆಗಸ್ಟ್‌ವರೆಗೆ ಮಕ್ಕಳಿಗೆ ಹೇಳಿ ಮೊಬೈಲಿನಲ್ಲಿ ಹಾಕಿಸಿಕೊಳ್ಳಿ. ಬೇಸಿಗೆಯಲ್ಲಿ ಅಲ್ಲಿನ ಗಡಿಯಾರ ನಮಗಿಂತ ನಾಲ್ಕೂವರೆ ಗಂಟೆ ಹಿಂದೆ. ನೀವು ತಿಂಡಿಯ ತಟ್ಟೆ ತೊಳೆದು ಕೂರುವ ಹೊತ್ತಿಗೆ ಅಲ್ಲಿ ಬೆಳಕು ಹರಿದು, ಮೊದಲ ಮೀನು ಬರುವ ಸಮಯವಾಗಿರುತ್ತದೆ.

ಅದಕ್ಕಿಂತ ಹತ್ತಿರದ ದಾರಿಯೂ ಉಂಟು. ವರಾಂಡದ ತಂತಿಗೆ ಸೂರಕ್ಕಿ ಜೇಡರಬಲೆ ಸುತ್ತಿ ಚೀಲದಂಥ ಗೂಡು ನೇತುಹಾಕಿರಬಹುದು. ದಾಸವಾಳದ ಗಿಡದಲ್ಲಿ ಪಿಕಳಾರ ಬಟ್ಟಲಿನಂಥ ಗೂಡು ಕಟ್ಟಿರಬಹುದು. ಕಸವೆಂದು ಪೊರಕೆಯಿಂದ ಎಳೆದುಹಾಕಬೇಡಿ. ಪಿಕಳಾರದ ಬಾಣಂತನವೆಲ್ಲ ಒಂದು ತಿಂಗಳೊಳಗೆ ಮುಗಿಯುತ್ತದೆ. ನೋಡುವಾಗ ಇಷ್ಟು ಪಾಲಿಸಿ:

ದಿನವೂ ಒಂದೇ ಜಾಗದಲ್ಲಿ, ದೂರ ನಿಂತು ನೋಡಿ. ಹಕ್ಕಿ ಗೂಡು ಬಿಟ್ಟು ಎದ್ದಿತೆಂದರೆ ನೀವು ತೀರ ಹತ್ತಿರ ಹೋದಿರಿ ಎಂದರ್ಥ.

ಚೆನ್ನಾಗಿ ಕಾಣಲೆಂದು ಎಲೆ, ಕೊಂಬೆ ಸರಿಸಬೇಡಿ. ನಿಮಗೆ ಕಂಡದ್ದು ಕಾಗೆಗೂ ಕಾಣುತ್ತದೆ.

ಮೊಟ್ಟೆ ಮುಟ್ಟಬೇಡಿ. ಬೆಕ್ಕಿದ್ದರೆ ಅದರ ಮೇಲೊಂದು ಕಣ್ಣಿರಲಿ.

ಪುಕ್ಕ ಬಾರದ ಮರಿ ಕೆಳಗೆ ಬಿದ್ದಿದ್ದರೆ ಮೆಲ್ಲಗೆ ಎತ್ತಿ ಗೂಡಿಗೆ ಇಡಿ. ಮನುಷ್ಯರು ಮುಟ್ಟಿದರೆ ತಾಯಿ ಸೇರಿಸುವುದಿಲ್ಲ ಎನ್ನುವುದು ಬರೀ ನಂಬಿಕೆ. ಪುಕ್ಕ ಬಂದು ಕುಪ್ಪಳಿಸುತ್ತಿದ್ದರೆ ಬಿಟ್ಟುಬಿಡಿ, ತಾಯಿ ಅಲ್ಲೇ ಹತ್ತಿರದಲ್ಲಿರುತ್ತದೆ.

ಪಕ್ಕದ ಮನೆಯ ಮಕ್ಕಳು ಕಲ್ಲು ಹೊಡೆದಾರೆಂದು ಗುಟ್ಟು ಮಾಡುವ ಬದಲು ಅವರನ್ನೇ ಕರೆಯಿರಿ. "ಬಾ ಮರಿ, ಮಾತಾಡದೆ ನೋಡು" ಎಂದು ತೋರಿಸಿ, "ಇನ್ನು ಇದನ್ನು ನೋಡಿಕೊಳ್ಳುವ ಜವಾಬ್ದಾರಿ ನಿನ್ನದು" ಎಂದು ಹೇಳಿ. ನಾಳೆಯಿಂದ ಬೆಕ್ಕನ್ನು ಓಡಿಸುವವರು ಅವರೇ ಆಗುತ್ತಾರೆ. ವಾಟರ್‌ಸ್ಟನ್ ಮಾಡಿದ್ದೂ ಇಷ್ಟೇ.

ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನಲ್ಲಿ, ಮೊದಲ ಮೊಟ್ಟೆ ಕಂಡ ದಿನಕ್ಕೆ ಒಂದು ಸಣ್ಣ ಸೊನ್ನೆ ಹಾಕಿಡಿ. ಮರಿ ಹಾರಿದ ದಿನಕ್ಕೆ ಇನ್ನೊಂದು.